ಮೇಷ್ಟ್ರ ದನಿಯಲ್ಲಿ ಕೊಟ್ಟ ಮಾತ್ರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಓಟಗಾರ್ತಿಯೊಬ್ಬಳ ಹಲ್ಲುನೋವು ಅವಳ ಕತ್ತಿಗೆ ತೂತು ಕೊರೆಯುವ ತನಕ ಹೋದದ್ದರಲ್ಲಿ ನನ್ನ ಮಿಮಿಕ್ರಿಯ ಪಾಲು ದೊಡ್ಡದು. ಮೂರು ವರ್ಷದ ಹಿಂದಿನ ಮಾತು. ದಂತ ವೈದ್ಯಕೀಯ ಮುಗಿಸಿ ಲಕ್ಷ್ಮೀಪುರಂನ ಕ್ಲಿನಿಕ್ಕೊಂದರಲ್ಲಿ ಸಹಾಯಕ ವೈದ್ಯನಾಗಿ ಎಂಟು ತಿಂಗಳಾಗಿತ್ತು. ಹಲ್ಲು ಕೀಳುವುದಕ್ಕಿಂತ ಚೆನ್ನಾಗಿ ನನಗೆ ಬರುತ್ತಿದ್ದದ್ದು ಇನ್ನೊಬ್ಬರ ದನಿ ತೆಗೆಯುವುದು. ಕ್ಲಿನಿಕ್ಕಿನ ಒಡತಿ ಶಾಲಿನಿ ಮೇಡಂ ಫೋನಿನಲ್ಲಿ ಹೇಗೆ ಸಿಡುಕುತ್ತಾರೆ, ಸಿರಿಂಜ್ ಕಂಡ ಪೊಲೀಸಪ್ಪ ಹೇಗೆ ಅವ್ವನನ್ನು ಕೂಗುತ್ತಾನೆ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ನನ್ನನ್ನೂ ಬಿಡುತ್ತಿರಲಿಲ್ಲ. ಮೊದಲ ಹಲ್ಲು ಕಿತ್ತ ದಿನ ರೋಗಿಗಿಂತ ಜೋರಾಗಿ ನಾನೇ ಕಿರುಚಿದ್ದನ್ನು ಅಭಿನಯಿಸಿ ತೋರಿಸಿ ಎಷ್ಟೋ ಕಪ್ ಕಾಫಿ ಗಿಟ್ಟಿಸಿದ್ದೇನೆ.

ಆಗ ಮೇಡಂ ನನ್ನನ್ನು ಊರಂಚಿನ ಕ್ರೀಡಾ ಹಾಸ್ಟೆಲ್ಲೊಂದಕ್ಕೆ ದಂತ ತಪಾಸಣೆಗೆ ಕಳಿಸಿದರು. ರಾಜ್ಯವನ್ನು ಪ್ರತಿನಿಧಿಸಿ ಓಡುವ ಇಪ್ಪತ್ತೆರಡು ಮಂದಿ. ಕಾಲು ನೋಡಿದರೆ ಕುದುರೆಗಳು, ಬಾಯಿ ತೆರೆಸಿದರೆ ಎಪ್ಪತ್ತು ದಾಟಿದ ಮುದುಕರು. ಕಾರಣ ಸರಳ. ದೂರದ ಓಟಗಾರರು ಬಾಯಲ್ಲೇ ಉಸಿರಾಡುತ್ತಾರೆ, ಬಾಯಿ ಒಣಗುತ್ತದೆ. ಹಲ್ಲನ್ನು ತೊಳೆದು ಕಾಯುವುದು ಜೊಲ್ಲು. ಅದು ಬತ್ತಿದ ಹೊತ್ತಿನಲ್ಲಿ ಸಿಹಿ ಬಿದ್ದರೆ ಬ್ಯಾಕ್ಟೀರಿಯಾಗಳು ಅದರಿಂದ ಆಮ್ಲ ಹುಟ್ಟಿಸಿ, ಎನಾಮಲ್ ಎಂಬ ಹಲ್ಲಿನ ಗಟ್ಟಿ ಹೊದಿಕೆಯನ್ನು ತಿನ್ನುತ್ತಾ ಹೋಗುತ್ತವೆ.

ಇಲ್ಲಿ ಇನ್ನೊಂದು ವಿಚಿತ್ರವಿತ್ತು. ಹೆಚ್ಚಿನವರ ಹುಳುಕು ಬಲಗಡೆಯೇ. ಅದು ಕೋಚ್ ಚನ್ನೇಗೌಡ ಮೇಷ್ಟ್ರ ಪದ್ಧತಿಯ ಫಲ. ಅಭ್ಯಾಸಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂಗೈಗೆ ಒಂದೊಂದು ಚಮಚ ಗ್ಲೂಕೋಸ್ ಪುಡಿ ಹಾಕುತ್ತಿದ್ದರು. ಅದನ್ನು ನುಂಗುವಂತಿಲ್ಲ. ಬಲಗೆನ್ನೆಯಲ್ಲಿ ಒತ್ತಿಟ್ಟುಕೊಂಡು ಓಡಬೇಕು, ಕರಗಿದಷ್ಟೂ ಶಕ್ತಿ. ಇಪ್ಪತ್ತು ವರ್ಷದಿಂದ ಹಾಗೇ ನಡೆದುಬಂದಿತ್ತು.

ಹದಿಮೂರನೆಯವಳಾಗಿ ಬಂದು ಕೂತವಳು ಪವಿತ್ರಾ. ಹತ್ತೊಂಬತ್ತು ವರ್ಷ, ಐದು ಸಾವಿರ ಮೀಟರ್ ಓಟ. ತಾಯಿ ಸಾಕಮ್ಮ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ಒಬ್ಬರೇ ಬೆಳೆಸಿದ ಮಗಳು. ಇನ್ನು ಒಂಬತ್ತು ದಿನಕ್ಕೆ ರಾಷ್ಟ್ರೀಯ ಶಿಬಿರದ ಆಯ್ಕೆ ಓಟವಿತ್ತು. ಹಿಂದಿನ ಸಲ ಎರಡೇ ಸೆಕೆಂಡಿನಲ್ಲಿ ಅವಕಾಶ ಕೈತಪ್ಪಿತ್ತು. ಕೆಳಗಿನ ಸಾಲಿನ ಬಲ ದವಡೆ ಹಲ್ಲು ಒಳಗೆಲ್ಲ ಪೊಳ್ಳಾಗಿತ್ತು. ಮೆಲ್ಲಗೆ ತಟ್ಟಿದರೆ ಕಣ್ಣಲ್ಲಿ ನೀರು. ಬೇರಿನ ತುದಿಯಲ್ಲಿ ಕೀವು ಕಟ್ಟಿದ ಲಕ್ಷಣ. ಅವತ್ತೇ ಕ್ಲಿನಿಕ್ಕಿಗೆ ಕರೆದೊಯ್ದು ಹಲ್ಲು ತೆರೆದು ಕೀವು ಹೊರಗೆ ಬಿಡಬೇಕಿತ್ತು.

"ಟ್ರಯಲ್ ಮುಗೀಲಿ ಸಾರ್, ಆಮೇಲೆ ಬತ್ತೀನಿ" ಎಂದಳು. ನಾನು ಒಪ್ಪಿಬಿಟ್ಟೆ. ಐದು ದಿನದ ಆಂಟಿಬಯೋಟಿಕ್ ಮತ್ತು ನೋವಿನ ಮಾತ್ರೆಗಳನ್ನು ನನ್ನ ಬ್ಯಾಗಿನಿಂದಲೇ ತೆಗೆದುಕೊಟ್ಟೆ.

"ಸಾರ್, ಇವನ್ನ ನಾವು ತಗೋಬೋದಾ?"

ಓಟಗಾರರ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ಡೋಪ್ ಪರೀಕ್ಷೆಯಲ್ಲಿ ನಿಷೇಧಿತ ಔಷಧಿಯ ಅಂಶ ಸಿಕ್ಕರೆ ವರ್ಷಗಟ್ಟಲೆ ಮೈದಾನ ಮುಚ್ಚಿದಂತೆ. ನಾನು ಕೊಟ್ಟ ಮಾತ್ರೆಗಳಲ್ಲಿ ಅಂಥದ್ದೇನೂ ಇರಲಿಲ್ಲ. "ತಗೋಬಹುದಮ್ಮ" ಎಂದಿದ್ದರೆ ಮುಗಿದಿತ್ತು. ಆದರೆ ಬಾಗಿಲಲ್ಲಿ ಸರದಿ ಕಾಯುವ ಅಷ್ಟೊಂದು ಮುಖಗಳು ನೋಡುತ್ತಿದ್ದವು, ಬೆಳಗ್ಗೆ ಕೇಳಿದಾಗಿನಿಂದ ಮೇಷ್ಟ್ರ ದನಿ ನನ್ನ ಗಂಟಲಲ್ಲಿ ಕುಣಿಯುತ್ತಿತ್ತು. ಹಲ್ಲಿನ ಸಂದಿಯಲ್ಲಿ ಸೀಟಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರದು. ನಾನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಶುರುಮಾಡಿದೆ:

"ಏಯ್! ಹೊರಗಿನ ಮಾತ್ರೆ ಮುಟ್ಟಿದ್ರೆ ಡೋಪಲ್ಲಿ ಸಿಕ್ಕಾಕಂಡ್ಬುಡ್ತೀಯ! ಹಲ್‌ನೋವ್ಗೆ ಯಾರೂ ಸಾಯಕಿಲ್ಲ ಕಣವ್ವ, ಓಡು!"

ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಬಿದ್ದು ಬಿದ್ದು ನಕ್ಕಿತು. ಪವಿತ್ರಾಳೂ ನಕ್ಕಳು, ಕೆನ್ನೆ ಹಿಡಿದುಕೊಂಡು. ಅವಳ ಪ್ರಶ್ನೆಗೆ ಬೇರೆ ಉತ್ತರ ಕೊಡದೆಯೇ ನಾನು ಹದಿನಾಲ್ಕನೆಯವರನ್ನು ಕರೆದೆ.

ಆರನೆಯ ದಿನ ಮಧ್ಯಾಹ್ನ ಸಾಕಮ್ಮ ಮಗಳನ್ನು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆತಂದರು. ಗದ್ದದ ಕೆಳಗೆ ಎರಡೂ ಕಡೆ ಕಲ್ಲಿನಂಥ ಊತ. ನಾಲಿಗೆ ಮೇಲಕ್ಕೆದ್ದು, ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಯುತ್ತಿತ್ತು. ಕುರ್ಚಿಗೆ ಒರಗಿಸಿದರೆ ಉಸಿರು ಕಟ್ಟಿ ಮುಂದಕ್ಕೆ ಬಾಗುತ್ತಿದ್ದಳು. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ: ಹಲ್ಲಿನ ಸೋಂಕು ನಾಲಿಗೆಯ ಕೆಳಗೆಲ್ಲ ಹರಡಿ ಉಸಿರಿನ ದಾರಿಯನ್ನೇ ಹಿಸುಕುವ ಕಾಯಿಲೆ. ಪರೀಕ್ಷೆಯಲ್ಲಿ ಇದರ ಬಗ್ಗೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದವನು ನಾನು.

"ಮಾತ್ರೆ ತಗೊಂಡ್ಲಾ?" ಎಂದು ಕೇಳಿದೆ.

ಸಾಕಮ್ಮ ಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಗುಳಿಗೆಯೂ ಕಡಿಮೆಯಾಗಿರಲಿಲ್ಲ. "ಡೋಪ್ ಅಂತಲ್ವಾ ಸಾರ್. ನೀವೇ ಮೇಷ್ಟ್ರು ಯೋಳ್ದಂಗೆ ಯೋಳಿದ್ರಂತಲ್ಲ?"

ಶಾಲಿನಿ ಮೇಡಂ ನನ್ನ ಮುಖ ನೋಡಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ, "ನೀನೂ ಹತ್ತು" ಎಂದಷ್ಟೇ ಹೇಳಿದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಂಟಿಬಯೋಟಿಕ್ ಇಂಜೆಕ್ಷನ್ ಹಿಡಿದು ಬಂದಾಗ ಪವಿತ್ರಾ ಕೈಯನ್ನು ಹಿಂದಕ್ಕೆಳೆದುಕೊಂಡಳು. ಓಟಕ್ಕೆ ಇನ್ನೂ ಮೂರು ದಿನವಿತ್ತು. ತಾನು ಓಡುತ್ತೇನೆಂದೇ ಅವಳು ನಂಬಿದ್ದಳು. ಮಾತು ಹೊರಡುತ್ತಿರಲಿಲ್ಲ, ಬೇಡವೆಂದು ತಲೆಯಾಡಿಸಿದಳು.

"ಡೋಪ್ ಅಲ್ಲಮ್ಮ ಇದು. ನಾನು ಹೇಳ್ತಿದೀನಲ್ಲ" ಎಂದೆ.

ನನ್ನನ್ನೇ ನೋಡಿದಳು, ಕೈ ಮಾತ್ರ ಮುಂದೆ ಚಾಚಲಿಲ್ಲ. ಇವನು ಹೇಳುವುದರಲ್ಲಿ ನಿಜ ಯಾವುದು, ಆಟ ಯಾವುದು ಎಂದು ಅವಳಿಗೆ ತಿಳಿಯುವುದಾದರೂ ಹೇಗೆ? ಮೇಷ್ಟ್ರ ದನಿಯಲ್ಲೇ ಇನ್ನೊಮ್ಮೆ ಗದರಿಬಿಡಲೇ ಎಂಬ ಯೋಚನೆ ಆಗಲೂ ಒಂದು ಗಳಿಗೆ ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬಂತು. ಅದನ್ನು ನುಂಗಿಕೊಂಡು ಮೇಷ್ಟ್ರಿಗೇ ಫೋನ್ ಹಚ್ಚಿ ವಿಷಯ ತಿಳಿಸಿ, ಸ್ಪೀಕರ್ ಹಾಕಿ ಅವಳ ಕಿವಿಯ ಹತ್ತಿರ ಹಿಡಿದೆ.

"ಆಕಿಸ್ಕೋ ಕಣವ್ವ" ಎಂದರು ಚನ್ನೇಗೌಡರು. ಬಾಯಲ್ಲಿ ಸೀಟಿ ಇರಲಿಲ್ಲ. "ಏನೂ ಆಗಕಿಲ್ಲ, ಆಕಿಸ್ಕೋ. ನಾ ಬತ್ತಾ ಇವ್ನಿ."

ಪವಿತ್ರಾ ಕೈ ಚಾಚಿದಳು.

ಬಾಯಿಂದ ಉಸಿರಿನ ನಳಿಕೆ ಇಳಿಸಲು ಜಾಗವೇ ಇರಲಿಲ್ಲ. ಅವಳು ಎಚ್ಚರವಿರುವಾಗಲೇ ಕತ್ತಿನ ಮುಂಭಾಗವನ್ನು ಮರಗಟ್ಟಿಸಿ, ಶ್ವಾಸನಾಳಕ್ಕೆ ತೂತು ಮಾಡಿ ನಳಿಕೆ ಕೂರಿಸಿದರು. ಇದು ಟ್ರೇಕಿಯಾಸ್ಟಮಿ. ಆಮೇಲೆ ಗದ್ದದ ಕೆಳಗೆ ಸೀಳಿ ಕೀವು ತೆಗೆದರು, ಆ ಹಲ್ಲನ್ನೂ ಕಿತ್ತರು. ಆಯ್ಕೆಯ ಓಟ ನಡೆದ ಬೆಳಗ್ಗೆ ಅವಳು ಐಸಿಯುನಲ್ಲಿದ್ದಳು. ಒಟ್ಟು ಹದಿನಾರು ದಿನದ ಆಸ್ಪತ್ರೆವಾಸ. ಮೊದಲೇ ಕಡ್ಡಿಯಂತಿದ್ದವಳ ಮೈಯಿಂದ ಏಳು ಕಿಲೋ ಇಳಿದುಹೋಗಿತ್ತು.

ಐಸಿಯು ಹೊರಗಿನ ಬೆಂಚಿನಲ್ಲಿ ಮೇಷ್ಟ್ರು ನನಗೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆದಿದ್ದರೆ ವಾಸಿಯಿತ್ತು. ಪಕ್ಕದಲ್ಲಿ ಕೂತು, "ನನ್ ತರ್ದಲ್ಲೇ ಮಾತಾಡ್ತೀರಂತೆ, ಉಡುಗ್ರು ಅಂದ್ರು. ಎಲ್ಲಿ ಡಾಕ್ಟ್ರೇ, ಒಂದ್ಸಲ ಆಡಿ, ಕೇಳುವ" ಎಂದರು.

"ಬೇಡ ಸಾರ್" ಎಂದೆ. ಅವರು ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. "ಆ ಪುಡಿ ಕೊಟ್ಟೋನು ನಾನು. ಹಲ್ಲು ತೂತು ಬಿದ್ದಿದ್ದು ಅದ್ರಿಂದ್ಲೇ ಅಲ್ವಾ?"

"ಅದೂ ಒಂದು ಕಾರಣ ಸಾರ್" ಎಂದೆ.

ಈಗ ಆ ಹಾಸ್ಟೆಲ್ಲಿನಲ್ಲಿ ಪುಡಿ ಹಂಚುವುದಿಲ್ಲ. ಸಿಹಿ ಕುಡಿದ ಮೇಲೆ ನೀರು ಮುಕ್ಕಳಿಸಲೇಬೇಕು, ವರ್ಷಕ್ಕೆ ಎರಡು ಸಲ ಹಲ್ಲು ತೋರಿಸಲೇಬೇಕು. ನಾನು ಕಲಿತ ಪಾಠ ಇಷ್ಟು: ನೋವಿರುವವರು ಪ್ರಶ್ನೆ ಕೇಳಿದಾಗ ವೈದ್ಯನ ಕಣ್ಣು ಬಾಗಿಲಲ್ಲಿ ನಿಂತು ನಗುವವರ ಮೇಲೆ ಹೋಗಬಾರದು. ಮಿಮಿಕ್ರಿ ಬಿಟ್ಟುಬಿಟ್ಟೆನೆಂದು ಸುಳ್ಳು ಹೇಳಲಾರೆ. ಕೈಯಲ್ಲಿ ಮಾತ್ರೆ ಇರುವಾಗ ಬಿಟ್ಟಿದ್ದೇನೆ.

ಎಂಟು ತಿಂಗಳಾದ ಮೇಲೆ ಪವಿತ್ರಾ ಇನ್ನೊಂದು ಹಲ್ಲು ತೋರಿಸಲು ಕ್ಲಿನಿಕ್ಕಿಗೆ ಬಂದಳು. ಕತ್ತಿನಲ್ಲಿ ಗಾಯದ ಗುರುತು, ದನಿ ಸ್ವಲ್ಪ ಒರಟು. ಮತ್ತೆ ಓಡುತ್ತಿದ್ದಳು, ತನ್ನ ಹಳೆಯ ಸಮಯಕ್ಕಿಂತ ನಲವತ್ತು ಸೆಕೆಂಡ್ ಹಿಂದೆ. ಶಿಬಿರದಿಂದ ಕರೆ ಬಂದಿರಲಿಲ್ಲ. ಬರುತ್ತದೆಂದು ಮೇಷ್ಟ್ರೂ ಹೇಳುತ್ತಿರಲಿಲ್ಲ. ಕೆಲಸ ಮುಗಿಸಿ ಅವಳ ಅಂಗೈಗೆ ಮಾತ್ರೆ ಇಟ್ಟೆ. ಅಷ್ಟು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದ ಕ್ಷಮೆಯ ಭಾಷಣ ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಅವಳು ಕೈಯೆತ್ತಿ ತಡೆದಳು.

"ಅದೆಲ್ಲ ಬುಡಿ ಸಾರ್. ಇದ್ನ ನುಂಗ್ಲಾ, ಬ್ಯಾಡ್ವಾ? ನಿಮ್ ಸ್ವಂತ ದನೀಲಿ ಯೋಳಿ."