‘ಪಕ್ಕದಲ್ಲಿ ಯಾರು?’: ಹೋಲ್ಗರ್ ವೆಸ್ಟರ್‌ಲುಂಡ್ ಅವರ ನೀಲಿ ಪುಸ್ತಕ

ಹೊರದ್ವೀಪಗಳ ಜಾಲ ಸಹಕಾರ ಸಂಘದ ಚರಿತ್ರೆಯನ್ನು ಯಾರೇ ಬರೆಯಹೊರಟರೂ ಶ್ರೀ ಹೋಲ್ಗರ್ ವೆಸ್ಟರ್‌ಲುಂಡ್ ಅವರ ಹೆಸರನ್ನು ಬರೆಯದೆ ಎರಡನೆಯ ಪುಟಕ್ಕೆ ಹೋಗಲಾರರು. ಪಾರ್ಗಾಸ್ ಬಂದರಿನಿಂದಾಚೆ ಸಮುದ್ರದಲ್ಲಿ ಚೆಲ್ಲಿಕೊಂಡಿರುವ ನಲವತ್ತಮೂರು ದ್ವೀಪಗಳ ಮನೆ, ಶಾಲೆ, ಅಂಗಡಿ, ಚಿಕಿತ್ಸಾಲಯಗಳಿಗೆ ಅಂತರ್ಜಾಲವನ್ನು ಹಂಚುವ ರೌಟರುಗಳನ್ನು ಮೂವತ್ತೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವರು ಅವರು. ರೌಟರು ಕೆಟ್ಟ ಮೇಲೆ ದುರಸ್ತಿ ಮಾಡಬಲ್ಲವರು ನಮ್ಮ ಕ್ಷೇತ್ರದಲ್ಲಿ ಬಹಳ ಮಂದಿ ಇದ್ದಾರೆ; ಅದು ನೆಟ್ಟಗಿರುವಾಗಲೇ ಅದರ ಮುಖವನ್ನು ಓದಬಲ್ಲವರು ಎಷ್ಟು ಮಂದಿ ಎಂದು ನನಗೆ ತಿಳಿಯದು. ನಾನು ಕಂಡಿರುವುದು ಒಬ್ಬರನ್ನು.

ಈ ಅಭಿನಂದನ ಸಂಪುಟಕ್ಕೆ ಬರೆಯುತ್ತಿರುವವರಲ್ಲಿ ಎಲ್ಲರಿಗಿಂತ ಕಿರಿಯಳು ನಾನು. ಅವರ ಕೈಕೆಳಗೆ ಮೂರೇ ವರ್ಷ ಕೆಲಸ ಮಾಡಿದವಳು, ಸಭೆಯಲ್ಲಿ ಮಾತಾಡಲು ಎದ್ದರೆ ನಾಲಗೆ ಒಣಗುವವಳು. ಸಂಪಾದಕರು ಲೇಖನ ಕೇಳಿದಾಗ ಆಗದು ಎಂದು ಹೇಳುವ ಧೈರ್ಯವೂ ಇಲ್ಲದೆ ಒಪ್ಪಿಕೊಂಡೆ. ಮುಂದಿನದೆಲ್ಲ ನನ್ನ ದಿನಚರಿಯಿಂದ ತೆಗೆದದ್ದು.

ಹಡಗುಗಳಿಗೆ ಬಂಡೆಗಳ ನಡುವೆ ದಾರಿ ತೋರುತ್ತಿದ್ದವರ ಮನೆತನದಲ್ಲಿ ಹುಟ್ಟಿದ ಹೋಲ್ಗರ್ ಅವರು ಮೊದಲು ದೂರವಾಣಿ ತಂತಿ ಎಳೆಯುವ ಕೆಲಸಕ್ಕಿದ್ದರು. ಸಂಘ ಹುಟ್ಟಿದ ವರ್ಷ ಮೊದಲ ರೌಟರನ್ನು ಮೀನಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ತಮ್ಮ ದೋಣಿಯಲ್ಲೇ ದ್ವೀಪದ ಶಾಲೆಯೊಂದಕ್ಕೆ ಒಯ್ದು ಕಪಾಟಿನೊಳಗೆ ಕೂರಿಸಿದರಂತೆ. ಉಪಕರಣದ ಸ್ಥಿತಿಯನ್ನು ದೂರದಿಂದ ತಿಳಿಸುವ ತಂತ್ರಾಂಶ ಆಗ ನಮ್ಮಲ್ಲಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಅವರು ಒಂದೊಂದು ದ್ವೀಪಕ್ಕೂ ಫೋನು ಮಾಡಿ, “ದೀಪ ಯಾವ ಬಣ್ಣ ಇದೆ, ನೋಡಿ ಹೇಳ್ತೀರಾ?” ಎಂದು ಕೇಳುತ್ತಿದ್ದರು. ದೀಪದ ಬಣ್ಣ ಹೇಳುವ ಮೊದಲು ಆ ಜನ ಗಾಳಿಯ ದಿಕ್ಕು, ಕುರಿ ಈದದ್ದು, ಅಕ್ಕತಂಗಿಯರ ಮುನಿಸು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದರು. ಇವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹಾಗೆ ಕೇಳಿಸಿಕೊಂಡದ್ದರ ಫಲವೇ ಅವರ ನೀಲಿ ರಟ್ಟಿನ ಪುಸ್ತಕ. ಉಪಕರಣದ ಹೆಸರು, ಅದಿರುವ ಜಾಗ, ಬೀಗದ ಕೈ ಯಾರಲ್ಲಿದೆ ಎಂಬ ಮೂರು ಅಂಕಣಗಳ ಪಕ್ಕದಲ್ಲಿ ಅವರು ನಾಲ್ಕನೆಯದೊಂದನ್ನು ಎಳೆದಿದ್ದರು: ‘ಪಕ್ಕದಲ್ಲಿ ಯಾರು?’

ಮುಂದೆ ತಂತ್ರಾಂಶ ಬಂತು. ಪುಸ್ತಕದ ಮೂರು ಅಂಕಣಗಳು ಅದರೊಳಗೆ ಸೇರಿದವು. ನಾಲ್ಕನೆಯದಕ್ಕೆ ಜಾಗ ಸಿಗಲಿಲ್ಲ. ನಮ್ಮ ಕಚೇರಿಯ ಮುಖ್ಯಸ್ಥರಾದ ಶ್ರೀ ಯರ್ಕೊ ಅವರು ಆ ದಿನ, “ಪಕ್ಕದಲ್ಲಿ ಯಾರಿದ್ರೆ ಕಂಪ್ಯೂಟರ್‌ಗೆ ಏನಾಗ್ಬೇಕ್ರೀ ಹೋಲ್ಗರ್? ಅದೇನು ಹೆಣ್ಣು ಕೇಳೋಕೆ ಹೋಗ್ತಾ ಇದ್ಯಾ?” ಎಂದು ನಕ್ಕದ್ದನ್ನು ಈಗ ತಾವೇ ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಹೋಲ್ಗರ್ ಅವರು ವಾದಿಸಲಿಲ್ಲ. ಪುಸ್ತಕವನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಲವತ್ತಮೂರು ದ್ವೀಪಗಳನ್ನೂ ಸುತ್ತಿಬಂದು ನಾಲ್ಕನೆಯ ಅಂಕಣವನ್ನು ತಿದ್ದುತ್ತಿದ್ದರು.

ನಾನು ಪದವಿ ಮುಗಿಸಿ ಕೆಲಸಕ್ಕೆ ಸೇರಿದಾಗ ನನಗೊಂದು ದೊಡ್ಡ ಊನವಿತ್ತು: ಫೋನಿನಲ್ಲಿ ಅಪರಿಚಿತರೊಂದಿಗೆ ಮಾತಾಡಲು ಆಗುತ್ತಿರಲಿಲ್ಲ. ಮೊದಲ ವಾರವೇ ಹೋಲ್ಗರ್ ಅವರು ಇದನ್ನು ಕಂಡುಹಿಡಿದರು. ಹಂಗಿಸಲಿಲ್ಲ, ಧೈರ್ಯದ ಉಪದೇಶ ಕೊಡಲಿಲ್ಲ. ಒಂದು ಚೀಟಿ ಮುಂದಿಟ್ಟು, “ಏನು ಹೇಳ್ಬೇಕೋ ಮೊದಲು ಬರ್ಕೋ. ಆಮೇಲೆ ಓದ್ಬಿಡು. ಆ ಕಡೆಯೋರಿಗೆ ಕಾಣ್ಸಲ್ವಲ್ಲ,” ಎಂದರು. ನಾನು ಫೋನು ಮಾಡಬೇಕಾದ ಮನೆಗಳಿಗೆ ಅವರೇ ಮುಂಚೆ ಕರೆಮಾಡಿ, ‘ಹೊಸ ಹುಡುಗಿ ಮಾತಾಡ್ತಾಳೆ, ಸ್ವಲ್ಪ ತಾಳ್ಮೆ ಇರ್ಲಿ’ ಎಂದು ಹೇಳಿಡುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ.

ನಮ್ಮ ಕೆಲಸದ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಕಚೇರಿಯ ತಂತ್ರಾಂಶವು ಐದು ನಿಮಿಷಕ್ಕೊಮ್ಮೆ ಪ್ರತಿಯೊಂದು ರೌಟರನ್ನೂ ವಿಚಾರಿಸುತ್ತದೆ: ಎದ್ದಿದ್ದೀಯಾ, ಎಷ್ಟು ಹೊರೆ ಹೊತ್ತಿದ್ದೀಯಾ, ಎಷ್ಟು ಬಿಸಿಯಾಗಿದ್ದೀಯಾ. ಉತ್ತರಗಳು ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತವೆ. ಎಲ್ಲ ಸರಿಯಿದ್ದರೆ ಹಸಿರು, ಹದ ತಪ್ಪಿದರೆ ಹಳದಿ, ಉತ್ತರವೇ ಬಾರದಿದ್ದರೆ ಕೆಂಪು. ಬೆಳಗ್ಗೆ ಒಂಬತ್ತರೊಳಗೆ ಅದರ ವರದಿ ಬರೆಯುವುದು ನನ್ನ ಕೆಲಸ. ಒಂಬತ್ತೂಕಾಲರ ಕಾಫಿಗೆ ಕೂತು ಅದನ್ನು ಓದುವುದು ಹೋಲ್ಗರ್ ಅವರ ವಾಡಿಕೆ. “ಕೆಂಪಾದಾಗ ಎಲ್ರೂ ನೋಡ್ತಾರೆ,” ಎನ್ನುತ್ತಿದ್ದರು. “ಹಸಿರಾಗಿದ್ದಾಗ ನೋಡೋಕೇ ನಮ್ಮನ್ನ ಇಟ್ಕೊಂಡಿರೋದು.” ನಾನು ಇದನ್ನು ದಿನಚರಿಯಲ್ಲಿ ಅಂದವಾಗಿ ಬರೆದುಕೊಂಡಿದ್ದೆ. ಬರೆದುಕೊಂಡದ್ದು ಅರ್ಥವಾಗಿದೆ ಎಂದು ನಂಬಿದ್ದೆ.

ಹೋದ ವರ್ಷ ಫೆಬ್ರವರಿಯ ಒಂದು ಗುರುವಾರ. ದೋಣಿ ಸಾಗದಷ್ಟು ಹೆಪ್ಪುಗಟ್ಟಿದ, ಆದರೆ ಮನುಷ್ಯರನ್ನು ಹೊರಲಾರದಷ್ಟು ತೆಳುವಾದ ಮಂಜುಗಡ್ಡೆಯ ವಾರಗಳು ಅವು. ಹೊರದ್ವೀಪಗಳಿಗೆ ಯಾರೂ ಹೋಗುವಂತಿಲ್ಲ, ಅಲ್ಲಿಂದ ಯಾರೂ ಬರುವಂತಿಲ್ಲ. ಸ್ಟೂರ್‌ಹಾರು ದ್ವೀಪದ ರೌಟರಿನ ಉಷ್ಣತೆಯ ಗೆರೆ ಹಿಂದಿನ ಸಂಜೆಯಿಂದ ಇಳಿಯುತ್ತ ಬಂದದ್ದನ್ನು ನಾನು ಎಂಟೂ ನಲವತ್ತಕ್ಕೆ ನೋಡಿದೆ. ಆ ವೇಳೆಗೆ ಮೂವತ್ತೊಂದು ಡಿಗ್ರಿ ಇರುತ್ತಿದ್ದ ಉಪಕರಣ ಅಂದು ಹದಿನಾಲ್ಕಕ್ಕೆ ಬಂದಿತ್ತು. ಫೋನು ಮಾಡಿ ವಿಚಾರಿಸಲೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಫೋನಿನತ್ತ ಕೈ ಹೋಗಲಿಲ್ಲ. ಬಿಸಿಯಾದರೆ ತಾನೇ ರೌಟರಿಗೆ ಕೇಡು? ಪರದೆ ಹಸಿರಾಗಿಯೇ ಇತ್ತು. ನಾನು ವರದಿಯಲ್ಲಿ ಬರೆದೆ: “ಸ್ಟೂರ್‌ಹಾರು: ಉಷ್ಣತೆಯಲ್ಲಿ ಗಣನೀಯ ಸುಧಾರಣೆ. ಸ್ಥಿತಿ ಅತ್ಯುತ್ತಮ.”

ಕಾಫಿಯ ಮೇಜಿನಲ್ಲಿ ಹೋಲ್ಗರ್ ಅವರು ಏಲಕ್ಕಿ ಬನ್ನನ್ನು ಮುರಿಯುತ್ತ ವರದಿ ಓದುತ್ತಿದ್ದರು. ಕೈ ಅಲ್ಲೇ ನಿಂತಿತು. ಮನುಷ್ಯರ ಮುಖದಿಂದ ರಕ್ತ ಇಳಿದುಹೋಗುವುದನ್ನು ನಾನು ಮೊದಲ ಬಾರಿಗೆ ಕಂಡದ್ದು ಆಗ.

“ತಣ್ಣಗಾಗಿದೆ. ಯಾಕೆ ತಣ್ಣಗಾಗಿದೆ?” ಎಂದರು.

“ಒಳ್ಳೇದೇ ಆಯ್ತಲ್ರೀ,” ಎಂದರು ಯರ್ಕೊ. “ಒಳ್ಳೆ ಸುದ್ದಿ ಕೇಳಿ ಹಿಂಗೂ ಬೆಚ್ಚಿಬೀಳ್ತಾರಾ?”

ಹೋಲ್ಗರ್ ಅವರು ಆಗಲೇ ಖಾನೆ ಎಳೆದು ನೀಲಿ ಪುಸ್ತಕ ಬಿಡಿಸಿದ್ದರು. ನಾಲ್ಕನೆಯ ಅಂಕಣದಲ್ಲಿ ಹೀಗಿತ್ತು: ‘ಗುನ್‌ವೋರ್ ಲಿಂಡ್‌ರೂಸ್. ಕುರಿ ಸಾಕುತ್ತಾಳೆ. ಒಬ್ಬಳೇ. ರೌಟರಿನ ಕಪಾಟು ಅವಳ ಅಡುಗೆಮನೆಯ ಒಲೆಗೋಡೆಯ ಬೆನ್ನಿಗೆ. ಬೆಳಗ್ಗೆ ಆರಕ್ಕೆ ಒಲೆ ಹಚ್ಚುತ್ತಾಳೆ.’

ಆ ರೌಟರು ಪ್ರತಿದಿನ ಬೆಳಗ್ಗೆ ಬಿಸಿಯಾಗುತ್ತಿದ್ದದ್ದು ಹೊರೆಯಿಂದಲ್ಲ; ಒಬ್ಬ ಹೆಂಗಸು ಎದ್ದು ಒಲೆ ಹಚ್ಚುತ್ತಿದ್ದುದರಿಂದ. ಆ ಗೆರೆ ಅಂದು ಏರಲಿಲ್ಲ, ಹಿಂದಿನ ಸಂಜೆಯೂ ಏರಿರಲಿಲ್ಲ. ಅದನ್ನು ನೋಡಿ ನಾನು ಸಂತೋಷಪಟ್ಟಿದ್ದೆ. ಅತ್ಯುತ್ತಮ ಎಂದು ಬರೆದಿದ್ದೆ.

ಮುಂದಿನ ಕ್ಷಣಗಳು ನನಗೆ ತುಂಡುತುಂಡಾಗಿ ನೆನಪಿವೆ. ದ್ವೀಪದಲ್ಲಿ ಚಳಿಗಾಲ ಕಳೆಯುವ ಇನ್ನೊಂದೇ ಸಂಸಾರ ಮಂಜುಗಟ್ಟುವ ಮೊದಲೇ ಪಟ್ಟಣಕ್ಕೆ ಬಂದುಬಿಟ್ಟಿತ್ತು. ಹೋಲ್ಗರ್ ಅವರು ಒಂದು ಫೋನಿನಲ್ಲಿ ಕರಾವಳಿ ಕಾವಲಿನವರನ್ನು ಹಿಡಿದು, ನೀರು ಮಂಜು ಎರಡರ ಮೇಲೂ ತೇಲುವ ಅವರ ಗಾಳಿದೋಣಿಯನ್ನು ಕೇಳುತ್ತಿದ್ದರು. ಇನ್ನೊಂದು ಫೋನನ್ನು ನನ್ನ ಕೈಗೆ ತುರುಕಿದರು.

“ಗುನ್‌ವೋರ್‌ಗೆ ಮಾಡ್ತಾನೇ ಇರು. ಅವಳು ಎತ್ತೋವರೆಗೂ.”

“ಏನ್ ಹೇಳ್ಲಿ?” ಎಂದೆ. ಚೀಟಿ ಇರಲಿಲ್ಲ.

“ಎತ್ತಲಿ ಮೊದ್ಲು, ಲಿನ್ನೇಯಾ!”

ಎತ್ತಲಿಲ್ಲ. ಮೂವತ್ತೆರಡು ಸಲ ಮಾಡಿದೆ. ಒಂದೊಂದು ಸಲವೂ ಅದು ಆ ತಣ್ಣನೆಯ ಮನೆಯಲ್ಲಿ ರಿಂಗಾಗುತ್ತಿರುವುದು ನನಗೆ ಕೇಳಿಸುತ್ತಿತ್ತು. ಎಂಟೂ ನಲವತ್ತಕ್ಕೆ ನಾನು ಮಾಡಬೇಕಿದ್ದ ಒಂದೇ ಒಂದು ಕರೆ ಹೀಗೆ ಮೂವತ್ತೆರಡಾಗಿ ನನ್ನನ್ನು ಕಚ್ಚಿತು. ಪರದೆಯಲ್ಲಿ ಐದು ನಿಮಿಷಕ್ಕೊಮ್ಮೆ ಅಂಕಿ ಬರುತ್ತಿತ್ತು: ಹದಿಮೂರು, ಹದಿಮೂರು, ಹನ್ನೆರಡು. ಪಕ್ಕದಲ್ಲಿ ಹಸಿರು ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು. ರೌಟರು ಸುಳ್ಳು ಹೇಳಿರಲಿಲ್ಲ. ತನ್ನ ಸ್ಥಿತಿ ಚೆನ್ನಾಗಿದೆ ಎಂದಷ್ಟೇ ಹೇಳುತ್ತಿತ್ತು. ಯರ್ಕೊ ಅವರು ಗೋಡೆಗೊರಗಿ ನಿಂತಿದ್ದರು.

ಹನ್ನೊಂದೂ ಐವತ್ತಕ್ಕೆ ಗಾಳಿದೋಣಿ ದ್ವೀಪ ಮುಟ್ಟಿತೆಂದು ಸುದ್ದಿ ಬಂತು. ಆಮೇಲೆ ಏನೂ ಇಲ್ಲ. ಕಾವಲಿನವರ ಕಡೆಯಿಂದ ಮಾತೇ ಇಲ್ಲ. ಹನ್ನೆರಡು ಗಂಟೆ: ಹನ್ನೊಂದು ಡಿಗ್ರಿ. ಹನ್ನೆರಡೂ ಹತ್ತು: ಹನ್ನೊಂದು. ಇಷ್ಟು ಹೊತ್ತಿಗೆ ಹೇಳಬಹುದಾದದ್ದನ್ನು ಯಾರೂ ಹೇಳುತ್ತಿಲ್ಲವೆಂದರೆ ಹೇಳಬಾರದ್ದೇ ಇರಬೇಕು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಹನ್ನೆರಡೂಕಾಲರ ಅಂಕಿ ಬಂದಿತ್ತು.

“ಹೋಲ್ಗರ್,” ಎಂದೆ. “ಹನ್ನೆರಡು ಡಿಗ್ರಿ ಆಗಿದೆ.”

ಅವರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಐದು ನಿಮಿಷ ಕಾದೆವು. ಹದಿನಾಲ್ಕು. ಮತ್ತೈದು ನಿಮಿಷ. ಹದಿನೇಳು.

“ಯಾರೋ ಒಲೆ ಹಚ್ಚಿದ್ದಾರೆ,” ಎಂದರು ಅವರು, ತೀರ ಮೆಲ್ಲಗೆ. “ಹೆಣಕ್ಕೆ ಯಾರೂ ಒಲೆ ಹಚ್ಚೋದಿಲ್ಲ ಕಣೇ. ಬದುಕಿದಾಳೆ.”

ಕಾವಲಿನವರ ಫೋನು ಬಂದದ್ದು ಅದಾದ ಏಳು ನಿಮಿಷಕ್ಕೆ. ಹಿಂದಿನ ದಿನ ಮಧ್ಯಾಹ್ನ ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿಯುವಾಗ ಗುನ್‌ವೋರ್ ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಖಾಲಿ ಗೋಣಿಚೀಲಗಳನ್ನು ಮೈಮೇಲೆ ಎಳೆದುಕೊಂಡು ಇಪ್ಪತ್ತೊಂದು ಗಂಟೆ ಅಲ್ಲೇ ಬಿದ್ದಿದ್ದರು. ಕಾವಲಿನವರು ಅವರನ್ನು ಮೇಲೆತ್ತಿ, ಮೈ ಕಾಯಿಸಿ, ಸಾಗಿಸಲು ಅಣಿಮಾಡುವ ಗಡಿಬಿಡಿಯಲ್ಲಿ ನಮಗೆ ತಿಳಿಸುವುದನ್ನು ಮರೆತಿದ್ದರು.

ಅಂದು ಮಧ್ಯಾಹ್ನ ಯರ್ಕೊ ಅವರು ನನ್ನ ಮೇಲಿನ ಕರುಣೆಯಿಂದಲೇ, ವರದಿಯ ಆ ಸಾಲನ್ನು ಅಳಿಸಿ ಸಂಘದ ಆಡಳಿತ ಮಂಡಲಿಗೆ ಕಳಿಸೋಣವೆಂದರು. ಹೋಲ್ಗರ್ ಅವರು ಒಪ್ಪಲಿಲ್ಲ. “ಅದು ಹಾಗೇ ಇರ್ಲಿ. ಕೆಳಗೆ ನನ್ನದೊಂದು ಸಾಲು ಸೇರಿಸು,” ಎಂದು ನನಗೆ ಹೇಳಿ ಬರೆಸಿದರು: “ಉಷ್ಣತೆ ಏರಿದರೆ ಎಚ್ಚರಿಸುವ ಮಿತಿಯನ್ನು ಹಾಕಿ, ಇಳಿದರೆ ಎಚ್ಚರಿಸುವ ಮಿತಿಯನ್ನು ಹಾಕದೆ ಹನ್ನೊಂದು ವರ್ಷ ಬಿಟ್ಟವನು ನಾನು. ಒಲೆಯ ವಿಷಯ ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಬರೆದು ಖಾನೆಯೊಳಗೆ ಇಟ್ಟುಕೊಂಡಿದ್ದೆ.” ನನ್ನನ್ನು ಸಮಾಧಾನಪಡಿಸಲು ಅವರು ಹಾಗೆ ಹೇಳಿದರೆಂದು ನಾನು ಮೊದಲು ತಿಳಿದಿದ್ದೆ. ಆ ವಾರವೇ ಅವರು ನಲವತ್ತಮೂರು ಉಪಕರಣಗಳಿಗೂ ಕೆಳಮಿತಿ ಹಾಕಿದ್ದನ್ನೂ, ತಂತ್ರಾಂಶದಲ್ಲಿ ನಾಲ್ಕನೆಯ ಅಂಕಣ ತೆರೆಸಿ, ಒಬ್ಬೊಬ್ಬರಿಗೂ ಫೋನು ಮಾಡಿ ಹೆಸರು ಬರೆಯಲು ಒಪ್ಪಿಗೆ ಕೇಳಿದ್ದನ್ನೂ ಕಂಡ ಮೇಲೆ, ಅವರು ನಿಜವಾಗಿಯೇ ನೊಂದಿದ್ದರೆಂದು ತಿಳಿಯಿತು.

ಜೂನ್‌ನಲ್ಲಿ ಅವರು ನನ್ನನ್ನು ಸ್ಟೂರ್‌ಹಾರುವಿಗೆ ಕರೆದೊಯ್ದರು. ಕ್ಷಮೆ ಕೇಳಲು ನಾನು ಒಂದು ಪುಟ ಬರೆದುಕೊಂಡಿದ್ದೆ. ಕೋಲೂರಿಕೊಂಡು ಬಾಗಿಲಿಗೆ ಬಂದ ಗುನ್‌ವೋರ್ ಅವರು ಅದನ್ನು ಓದಗೊಡಲಿಲ್ಲ.

“ನನ್ ಮನೆ ತಣ್ಣಗಾಯ್ತು ಅಂತ ಖುಷಿಪಟ್ಟೋಳು ನೀನೇನಾ?”

ನಾನು ತಲೆ ತಗ್ಗಿಸಿದೆ.

“ಆಮೇಲೆ ಮೂವತ್ತೆರಡು ಸಲ ಫೋನ್ ಹೊಡ್ದೋಳು?”

“ಹೌದು.”

“ಎಣಿಸ್ತಾ ಇದ್ದೆ ಕಣಮ್ಮ. ನಿದ್ದೆ ಹತ್ತೋಕೆ ಬಂದಾಗೆಲ್ಲ ಹೊಡ್ಕೊಳ್ತಿತ್ತು. ಇದ್ಯಾವ ಪೀಡೆ ಬಿಡ್ತಾ ಇಲ್ವಲ್ಲ, ಬೈಯೋಕಾದ್ರೂ ಎದ್ದಿರ್ಬೇಕು ಅಂತ ಎದ್ದಿದ್ದೆ.” ಹೀಗೆಂದು ನನ್ನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು, ಹೋಲ್ಗರ್ ಅವರತ್ತ ತಿರುಗಿದರು. “ನೀನ್ಯಾಕೆ ಮಾರಾಯಾ ಮುಖ ಇಳಿಬಿಟ್ಕೊಂಡಿದ್ದೀಯ? ಕಾಫಿ ಕಾಯ್ತಿದೆ, ಒಳಗೆ ಬಾ. ಒಲೆ ಉರೀತಿದೆ, ನೋಡ್ಕೊಂಡು ಹೋಗು.”

ಅಂದಿನ ದಿಗಿಲು ನನ್ನಿಂದ ಹೋಗಿಲ್ಲ. ಹೋಗಬಾರದೆಂದೇ ನನ್ನ ಆಸೆ. ಪರದೆಯ ಮೇಲೆ ಒಳ್ಳೆಯ ಸುದ್ದಿ ಮೂಡಿದಾಗಲೆಲ್ಲ ಫೋನಿನತ್ತ ಕೈ ಹೋಗುತ್ತದೆ. ಚೀಟಿ ಬರೆದುಕೊಳ್ಳಲು ಈಗ ಪುರುಸೊತ್ತಿಲ್ಲ.

ಈ ತಿಂಗಳ ಕೊನೆಗೆ ಹೋಲ್ಗರ್ ಅವರು ನಿವೃತ್ತರಾಗಿ ತಮ್ಮ ಹಿರಿಯರ ದ್ವೀಪವಾದ ಲಿಲ್‌ಹಾರುವಿಗೆ ನೆಲೆಸಲು ಹೋಗುತ್ತಿದ್ದಾರೆ. ಹಳೆಯ ದೋಣಿಗಳ ದುರಸ್ತಿ, ಹೊಸಬರಿಗೆ ಬೇಸಿಗೆಯಲ್ಲಿ ಪಾಠ, ಎರಡೂ ನಡೆಯಲಿವೆ. ಅಲ್ಲಿನ ರೌಟರನ್ನು ದೋಣಿ ನಿಲ್ಲಿಸುವ, ಮಳೆ ಸೋರುವ ಕೊಟ್ಟಿಗೆಯಿಂದ ಅವರ ಅಡುಗೆಮನೆಯ ಒಲೆಗೋಡೆಯ ಬೆನ್ನಿಗೆ ಸ್ಥಳಾಂತರಿಸಲು ಅನುಮತಿ ಕೇಳಿದವಳು ನಾನೇ; ಚೀಟಿಯಿಲ್ಲದೆ ಕೇಳಿದೆ. “ಅಂದ್ರೆ ನಾನು ಎಷ್ಟು ಹೊತ್ತಿಗೆ ಏಳ್ತೀನಿ ಅಂತ ಇನ್ಮೇಲೆ ನಿನ್ನ ವರದೀಲಿ ಬರುತ್ತಾ?” ಎಂದು ಗದರಿದರು. ಬೇಡ ಎನ್ನಲಿಲ್ಲ.

ನೀಲಿ ಪುಸ್ತಕವನ್ನು ಅವರು ನನಗೆ ಕೊಟ್ಟಿದ್ದಾರೆ. ಲಿಲ್‌ಹಾರುವಿನ ಸಾಲಿನಲ್ಲಿ ‘ಪಕ್ಕದಲ್ಲಿ ಯಾರು?’ ಎಂಬ ಅಂಕಣ ಇಷ್ಟು ವರ್ಷ ಖಾಲಿಯಿತ್ತು. ನಿನ್ನೆ ಅಲ್ಲಿ ಅವರ ಹೆಸರನ್ನು ಬರೆದೆ. ‘ಬೆಳಗ್ಗೆ ಆರಕ್ಕೆ ಒಲೆ ಹಚ್ಚುತ್ತಾರೆ’ ಎಂದು ಮುಂದೆ ಸೇರಿಸಿದೆ. ಅವರು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ತಿದ್ದಲು ಬರಲೆಂದು. ನಾನು ಶಾಯಿಯಲ್ಲಿ ಬರೆದಿದ್ದೇನೆ.