ಗೋಡೆಯಾಚೆಯ ದೊಡ್ಡಿ

ಮಿರಜ ಬಳಿಯ ಆರಗದ ಕೃಷ್ಣವ್ವ ಕುರಿ ಮಾರಿ ಹಂದಿ ಸಾಕತೊಡಗಿದರೂ ಕುರಿಗಾರರ ರೂಢಿ ಬಿಟ್ಟಿರಲಿಲ್ಲ. ನಡುಗುವ ಮರಿ ಕಂಡರೆ ಹೆಗಲ ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಳ್ಳುವಳು. ಒಂದು ದೊಡ್ಡಿಯ ಮರಿಗಳು ನೀರಿನಂತೆ ಭೇದಿಯಾಗಿ ಸಾಯತೊಡಗಿದಾಗ ಮಿರಜದಿಂದ ಡಾಕ್ಟರು ಬಂದರು.

"ಹೊಸಾ ವೈರಸ್ ಐತಿ, ಮಾವಶಿ. ಹೇಲಿನಿಂದ ಹರಡತೈತಿ. ಈ ದೊಡ್ಡಿಂದ ಆ ದೊಡ್ಡಿಗೆ ಏನೂ ಒಯ್ಯಬ್ಯಾಡ್ರಿ."

ಅವಳು ಬಕೆಟ್ಟು, ಬುಟ್ಟಿ, ಕಸಬರಿಗೆ ಎಲ್ಲ ಬೇರೆ ಮಾಡಿದಳು. ಕಾಲು ತಿಕ್ಕಿ ತೊಳೆದೇ ಗೋಡೆಯಾಚೆಯ ದೊಡ್ಡಿಗೆ ಹೋದಳು. ಅಲ್ಲಿಯೂ ಭೇದಿ ಶುರುವಾಯಿತು. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಹಾಳಾದ್ದು, ಗ್ವಾಡಿ ಹಾರಿ ಬಂತೇನ್ರಿ?" ಎಂದು ಫೋನಿನಲ್ಲಿ ಡಾಕ್ಟರ ಮೇಲೆ ರೇಗಿದಳು. "ದೇವರಾಣಿ, ನಾ ಏನೂ ಒಯ್ದಿಲ್ಲ!"

ಕಾಲ ಬಳಿ ಮರಿಯೊಂದು ನಡುಗುತ್ತಿತ್ತು. ಫೋನಿಟ್ಟು, ಹೆಗಲ ಕಂಬಳಿ ತೆಗೆದು ಅದಕ್ಕೆ ಸುತ್ತಿದಳು. ಕಂಬಳಿಯ ಮೇಲೆ ಬೆಳಿಗ್ಗೆ ಮೊದಲ ದೊಡ್ಡಿಯಲ್ಲಿ ಸತ್ತ ಮರಿಯ ಭೇದಿ ಇನ್ನೂ ಒಣಗಿರಲಿಲ್ಲ.