ಪುಣೆಯಲ್ಲಿ ನಮ್ಮವರ ಇಂಗ್ಲಿಷ್ ಪುಸ್ತಕ

ಇಬ್ಬರು ಗೋರಾ ಸಾಹೇಬರು ಬೂಟುಗಾಲಿನಲ್ಲೇ ನಮ್ಮ ವಾಡಾದ ಅಂಗಳಕ್ಕೆ ಬಂದು ನಿಂತರು. ನಳದ ಮುಂದೆ ನೀರಿಗೆ ನಿಂತಿದ್ದ ಹೆಂಗಸರೆಲ್ಲ ಕೊಡ ಅಲ್ಲೇ ಬಿಟ್ಟು ಒಳಗೋಡಿ ಕದ ಹಾಕಿಕೊಂಡರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಅವರಲ್ಲೊಬ್ಬ ಮುರುಕು ಹಿಂದುಸ್ತಾನಿಯಲ್ಲಿ ನಮ್ಮವರ ಹೆಸರು ಹಿಡಿದು ಕೂಗಿದ. ಸ್ವಾತಂತ್ರ್ಯ ಚಳವಳಿಯ ದಿನಮಾನ, ಯಾರನ್ನು ಯಾವಾಗ ಹಿಡಿದೊಯ್ಯುತ್ತಾರೋ ತಿಳಿಯುತ್ತಿರಲಿಲ್ಲ. ಮುಗಿಯಿತು ನಮ್ಮ ಪುಣೆಯ ಸಂಸಾರ ಎಂದುಕೊಂಡೆ.

ಆದರೆ ಅವರು ಹಿಡಿದೊಯ್ಯಲು ಬಂದವರಲ್ಲ. ಒಬ್ಬನ ಕೈಯಲ್ಲಿ ನಮ್ಮವರು ಬರೆದ ಪುಸ್ತಕವಿತ್ತು. ವ್ಯಾಪಾರಸ್ಥರು ಇಂಗ್ಲಿಷಿನಲ್ಲಿ ಕಾಗದ ಹೇಗೆ ಬರೆಯಬೇಕೆಂದು ಕಲಿಸುವ ಪುಸ್ತಕ. ನಮ್ಮವರು ಕೋಟು ತೊಟ್ಟು, ರುಮಾಲು ಸುತ್ತಿಕೊಂಡು ಕೆಳಗಿಳಿದರು. ಸಾಹೇಬ ಒಂದು ಪುಟ ತೆಗೆದು, ಓದಿ ತೋರಿಸಿರೆಂದು ಕೈಸನ್ನೆ ಮಾಡಿದ. ಇವರು ಎದೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಓದಿದರು. ಒಬ್ಬ ಮೋರೆ ತಿರುಗಿಸಿದ. ಇನ್ನೊಬ್ಬ ನಗುತ್ತ ನಗುತ್ತ ನಿಲ್ಲಲಾರದೆ ತುಳಸೀಕಟ್ಟೆಯ ಮೇಲೇ ಕುಳಿತುಬಿಟ್ಟ. ಆಮೇಲೆ ಇನ್ನಷ್ಟು ಪ್ರತಿ ಕೊಂಡು, ಇವರ ಕೈ ಕುಲುಕಿ ಹೊರಟುಹೋದರು.

ಇವರು ಆಸರೆಗೆ ಕಟ್ಟಿದ ಹಗ್ಗ ಹಿಡಿದು ಕತ್ತಲೆಯ ಮೆಟ್ಟಿಲು ಹತ್ತಿ ಬಂದಾಗ ಮುಖ ಅರಳಿತ್ತು.

"ನೋಡಿದಿ ಇಲ್ಲೋ? ಸಾಹೇಬ್ರು ಭಾಳ ಖುಷಿ ಆದ್ರು."

"ಯಾವ ಕಾಗದ ಓದಿದ್ರಿ?"

"ಅದಽ, ನಿಮ್ಮ ಅಪ್ಪನವರು ಹೋದಾಗ ಬರದಿದ್ನಲ್ಲಾ, ಆ ದುಃಖದ ಕಾಗದ."

"ಅಯ್ಯ, ದುಃಖದ ಕಾಗದಕ್ಕ ನಗತಾರೇನ್ರಿ ಯಾರರೆ?"

"ಅವರ ಪದ್ಧತಿನ ಬ್ಯಾರೆ. ನಮ್ಮಂಗ ಬಾಯಿ ಬಡಕೊಂಡು ಅಳೂದು ಅವರೊಳಗ ಇಲ್ಲ," ಎಂದು ರುಮಾಲು ತೆಗೆದು ಗೂಟಕ್ಕೆ ಹಾಕಿದರು.

ಧಾರವಾಡದ ಅಕ್ಕತಂಗಿಯರೇ, ನಾವು ಊರು ಬಿಟ್ಟ ಬಗೆ ನಿಮಗೆ ಗೊತ್ತೇ ಇದೆ. ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮವರ ಇಂಗ್ಲಿಷ್ ಎಂದರೆ ಓಣಿಗೆಲ್ಲ ಹೆಮ್ಮೆ. ಅರ್ಜಿ ಬರೆಸಲು ಜನ ಕಟ್ಟೆಯ ಮೇಲೆ ಕಾಯುತ್ತ ಕೂಡುತ್ತಿದ್ದರು. ಪುಣೆಯಲ್ಲಿ ಸಂಜೆಯ ಕ್ಲಾಸೊಂದರಲ್ಲಿ ವ್ಯಾಪಾರಿ ಇಂಗ್ಲಿಷ್ ಕಲಿಸುವ ಕೆಲಸ ಬಂದಾಗ, "ಒಂದೆರಡು ವರ್ಷ ಇದ್ದು, ಒಂದು ಪುಸ್ತಕ ಬರದು ಹೆಸರು ಮಾಡ್ಕೊಂಡು ವಾಪಸ್ ಬರೂಣು. ಧಾರವಾಡದಾಗ ನಮ್ಮದ ಒಂದು ಕ್ಲಾಸು ತಗೀತೀನಿ," ಎಂದರು. ಆ ಮಾತಿನ ಮೇಲೆಯೇ ನಾನು ಹೊರಟದ್ದು. ಆ ಪುಸ್ತಕವೇ ನಾನು ಊರಿಗೆ ಮರಳುವ ದಾರಿ ಎಂದು ಮೊದಲ ದಿನದಿಂದಲೂ ನಂಬಿದ್ದೆ.

ವಾಡಾ ಎಂದರೆ ನಮ್ಮ ಕಡೆಯ ದೇಸಾಯರ ವಾಡೆ ಎಂದು ತಿಳಿಯಬೇಡಿ. ಒಂದು ಅಂಗಳದ ಸುತ್ತ ಹತ್ತಾರು ಬಿಡಾರ, ಎಲ್ಲರಿಗೂ ಸೇರಿ ಒಂದು ನಳ. ನಮ್ಮ ಮನೆಯ ಹಿತ್ತಿಲ ಬಾವಿಯಲ್ಲಿ ನೀರು ಯಾವಾಗ ಸೇದಿದರೂ ಕೇಳುವವರಿರಲಿಲ್ಲ. ಇಲ್ಲಿ ನೀರು ತನಗೆ ಮನಸ್ಸಾದಾಗ ಬರುತ್ತದೆ, ಜಗಳ ಅದಕ್ಕಿಂತ ಮೊದಲೇ ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನಾನೂ ಹೋದೆ. ಮೊದಮೊದಲು "ಕಾನಡೀಣ" ಎಂದು, ಅಂದರೆ ಕನ್ನಡದವಳು ಎಂದು, ನನ್ನನ್ನು ಸಾಲಿನ ಕೊನೆಗೆ ತಳ್ಳುತ್ತಿದ್ದರು. ಕೆಳಗಿನ ಬಿಡಾರದ ಗಂಗೂತಾಯಿ ಒಂದು ದಿನ ಊಟಕ್ಕೆ ಕರೆದು "ಪೋಳೀ" ಮಾಡಿದ್ದೇನೆ ಎಂದಾಗ, ಹೋಳಿಗೆಯ ಆಸೆಯಿಂದ ಹೋಗಿ ಕುಳಿತೆ. ಎಲೆಗೆ ಬಂದದ್ದು ಚಪಾತಿ. ಆಮಟಿ ಎಂದು ಬಡಿಸಿದ ಸಾರಿನಲ್ಲಿ ಮಾತ್ರ ಹೋಳಿಗೆಗೆ ಬೀಳಬೇಕಾದ ಬೆಲ್ಲವೆಲ್ಲ ಬಿದ್ದಿತ್ತು! ಗುರೆಳ್ಳು ಚಟ್ನಿ ನೆನಪಾಗಿ ಕಣ್ಣು ತುಂಬಿ ಬಂತು. ಖಾರ ಹತ್ತಿತೇನೋ ಎಂದು ಆಕೆ ಇನ್ನೊಂದು ಸೌಟು ಹಾಕಿದಳು.

ಮೊದಲ ವರ್ಷವೇ ಹುಬ್ಬಳ್ಳಿಯಲ್ಲಿ ನಮ್ಮಪ್ಪ ತೀರಿಕೊಂಡರು. ಸಾವಿನ ಸುದ್ದಿಯ ತಾರು ಕೈಸೇರಿ ನಾವು ಗಾಡಿ ಹತ್ತುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ತಿರುಗಿ ಬಂದ ಮೇಲೆ ಅಳಲಿಕ್ಕೂ ನನಗೆ ಜತೆಯಿರಲಿಲ್ಲ. ಮರಾಠಿಯಲ್ಲಿ ಹೇಗೆ ಅಳಬೇಕೋ ಆಗಿನ್ನೂ ತಿಳಿದಿರಲಿಲ್ಲ. ಅದೇ ವಾರ ಇವರು ತಮ್ಮ ಪುಸ್ತಕಕ್ಕೆ, ತಂದೆಯನ್ನು ಕಳೆದುಕೊಂಡ ಗಿರಾಕಿಗೆ ಅಂಗಡಿಯವನು ಬರೆಯುವ ಕಾಗದವನ್ನು ಬರೆದರು. ನನ್ನನ್ನು ಎದುರಿಗೆ ಕೂಡಿಸಿಕೊಂಡು ಓದಿದರು. ಅದರಲ್ಲಿ ನನಗೆ ತಿಳಿದದ್ದು "ಫಾದರ್" ಎಂಬ ಒಂದು ಮಾತು. ಇವರು ಓದುತ್ತ ಹೋದಂತೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನಿಗೆ ಮಗಳು ಸಲ್ಲಿಸಬೇಕಾದ್ದನ್ನು ಅಳಿಯ ಇಂಗ್ಲಿಷಿನಲ್ಲಿ ಸಲ್ಲಿಸಿದರು ಎನಿಸಿತು.

ಅಂಥ ಕಾಗದಕ್ಕೆ ಆ ಸಾಹೇಬ ತುಳಸೀಕಟ್ಟೆಯ ಮೇಲೆ ಉರುಳಾಡಿ ನಗುವುದೇ? ನನಗೆ ಸಮಾಧಾನವಾಗಲಿಲ್ಲ. ಗಂಗೂತಾಯಿಯ ಮಗಳು ಕುಸುಮ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೊನೆಯ ಇಯತ್ತೆ ಓದುತ್ತಿದ್ದಳು. ಇವರು ಕ್ಲಾಸಿಗೆ ಹೋದ ಹೊತ್ತಿನಲ್ಲಿ ಪುಸ್ತಕ ತೆಗೆದುಕೊಂಡು ಅವಳಲ್ಲಿಗೆ ಹೋದೆ. ಹುಡುಗಿ ಓದಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಮುಖ ನೋಡಿ ಸೆರಗು ಇಳಿಸಿದಳು.

"ಸಾಂಗೂ ಕಾ, ಕಾಕೂ?" ಎಂದಳು. ಹೇಳಲೇ ಎಂದು ಕೇಳುತ್ತಿದ್ದಳು.

"ಸಾಂಗ," ಎಂದೆ.

ಅವಳು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ತಮ್ಮ ಪೂಜ್ಯ ತಂದೆಯವರ ಮರಣವನ್ನು ಸಂತೋಷದಿಂದ ಸ್ವೀಕರಿಸಿದೆವು. ಸರಕು ಒಳ್ಳೆಯ ಸ್ಥಿತಿಯಲ್ಲಿತ್ತು. ಮುಂದೆಯೂ ತಮ್ಮ ಮನೆತನದಿಂದ ಇಂಥದೇ ಕೃಪೆಯನ್ನು ಮೇಲಿಂದ ಮೇಲೆ ನಿರೀಕ್ಷಿಸುತ್ತೇವೆ."

ಸುಳ್ಳೇಕೆ ಹೇಳಲಿ, ನನಗೂ ನಗು ಬಂತು. ಕುಸುಮ್‌ಳ ಹೆಗಲು ಹಿಡಿದು ನಕ್ಕೆ. ನಗುತ್ತಿರುವಾಗಲೇ ಅಪ್ಪನ ಮುಖ ಕಣ್ಣಿಗೆ ಕಟ್ಟಿತು, ಅಲ್ಲೇ ನೆಲಕ್ಕೆ ಕುಸಿದೆ. ಇವರನ್ನು ಏನೆಂದು ದೂರಲಿ? ಕಾಗದ ಅಂದಮೇಲೆ ಸಂತೋಷದಿಂದ ಸ್ವೀಕರಿಸಬೇಕು, ಮುಂದಿನ ಕೃಪೆ ಬೇಡಬೇಕು, ಇದೇ ಇವರು ಕಚೇರಿಯಲ್ಲಿ ಕಲಿತ ಮರ್ಯಾದೆ. ಸಾವಿನ ಕಾಗದಕ್ಕೆ ಶ್ರೀಕಾರ ಹಾಕಬಾರದೆಂದು ಕನ್ನಡದಲ್ಲಿ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಇಂಗ್ಲಿಷಿಗೂ ಅಂಥದೊಂದು ಶ್ರೀಕಾರವಿದೆ, ಅದನ್ನೂ ಎಲ್ಲಿ ಬಿಡಬೇಕೆಂಬುದಿದೆ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ನಾನು ಬಾಯಿ ಬಿಡಲಿಲ್ಲ. ಪುಸ್ತಕವೇನೋ ಗೋರಾ ಸಾಹೇಬರು ಇರುವ ಕ್ಯಾಂಪಿನ ಅಂಗಡಿಗಳಲ್ಲಿ ಬಿಸಿ ಭಜಿಯಂತೆ ಹೋಗುತ್ತಿತ್ತು. ಇವರು ಪ್ರತಿ ಸಂಜೆ ಎದೆಯುಬ್ಬಿಸಿ ಹೊರಡುತ್ತಿದ್ದರು. ನಾನು ಅಷ್ಟರಲ್ಲಿ ಮಂಡಯಿಯ ಕಾಯಿಪಲ್ಲೆ ಪೇಟೆಯಲ್ಲಿ ಮರಾಠಿಯಲ್ಲೇ ಜಗಳಾಡಿ ಮೆಂತ್ಯೆಸೊಪ್ಪು ತರುವಷ್ಟು ಪುಣೆಯವಳಾಗಿದ್ದೆ. ಆದರೂ ರಸ್ತೆಯಲ್ಲಿ ಯಾರು ನಕ್ಕರೂ ನಮ್ಮನ್ನೇ ನೋಡಿ ನಕ್ಕರೇನೋ ಎಂದು ಮೈ ಹಿಡಿಯಾಗುತ್ತಿತ್ತು. ನಗುವವರ ಮುಂದೆ ಎಡವಿ ಬಿದ್ದ ಹಾಗಾಗಿತ್ತು ನಮ್ಮ ಬಾಳು. ಎಡವಿದವರಿಗೇ ಅದು ಗೊತ್ತಿರಲಿಲ್ಲ, ಅಷ್ಟೇ.

ಗೊತ್ತಾದದ್ದು ಛಾಪಖಾನೆಯಲ್ಲಿ. ಎರಡನೆಯ ಮುದ್ರಣಕ್ಕೆಂದು ಇವರು ಅಲ್ಲಿ ಇಲ್ಲಿ ತಿದ್ದಿ, ಹೊಸ ಕಾಗದ ಸೇರಿಸಿ ಒಯ್ದರು. ಛಾಪಖಾನೆಯ ಮಾಲೀಕರು ಕೆಟ್ಟವರಲ್ಲ, ಇವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಚಹಾ ಕುಡಿಸಿದರಂತೆ. ಕುಡಿಸಿ, "ರಾವ್, ಏಕ್ ಅಕ್ಷರ ಸುದ್ಧಾ ಬದಲೂ ನಕಾ. ಲೋಕ ಹಸಾಯಲಾಚ ಘೇತಾತ," ಎಂದರಂತೆ. ಒಂದಕ್ಷರವನ್ನೂ ಬದಲಿಸಬೇಡಿ, ಜನ ನಗಲಿಕ್ಕೆಂದೇ ಕೊಳ್ಳುತ್ತಾರೆ.

ಅಂದು ಇವರು ಬಂದು ರುಮಾಲನ್ನೂ ತೆಗೆಯದೆ ಗೋಡೆಗೆ ಒರಗಿ ಕುಳಿತರು.

"ನಿನಗ ಗೊತ್ತಿತ್ತೇನು?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ.

"ನಿಮ್ಮ ಅಪ್ಪನವರ ಕಾಗದಾನೂ?"

"ಹೂಂ."

ಅನ್ನ ಹಾಗೇ ಆರಿತು. ತಿದ್ದದ ಪುಸ್ತಕವೇ ಮತ್ತೆ ಅಚ್ಚಾಯಿತು. ಬೇಡವೆನ್ನಲು ನಮ್ಮ ಒಲೆ ಬಿಡಲಿಲ್ಲ. ಊರಿಗೆ ಹೋಗುವ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಗಲೇ ನಿಮ್ಮ ಕಡೆಯಿಂದ ಕರೆ ಬಂತು. ಇವರು ಕಲಿತ ಧಾರವಾಡದ ಶಾಲೆಯಲ್ಲಿ ಇವರಿಗೆ ಶಾಲು ಹೊದಿಸುತ್ತಾರಂತೆ, ಪುಣೆಯಲ್ಲಿ ಸಾಹೇಬರೇ ಮನೆಗೆ ಬಂದು ಪುಸ್ತಕ ಕೊಳ್ಳುತ್ತಾರೆಂಬ ಸುದ್ದಿ ಅಲ್ಲಿಗೂ ಮುಟ್ಟಿದೆಯಂತೆ. ಒಲ್ಲೆನೆಂದರೆ ಕಾರಣ ಹೇಳಬೇಕು. ಅತ್ತ ದರಿ, ಇತ್ತ ಪುಲಿ. "ಹೋಗಿ ಖರೆ ಹೇಳಿಬಿಡ್ತೀನಿ," ಎಂದು ಇವರು ಹೊರಟರು. ನಾನು ಗಾಡಿಯುದ್ದಕ್ಕೂ ಗುರುರಾಯರ ಸ್ಮರಣೆ ಮಾಡುತ್ತ ಕುಳಿತೆ: ತಂದೇ, ಅಲ್ಲಿ ಯಾರೂ ನಗದಿರಲಿ.

ಸಭೆಗೆ ನೀವೂ ಅನೇಕರು ಬಂದಿದ್ದಿರಿ. ಹಿರಿಯ ಮಾಸ್ತರರು ಶಾಲು ಹೊದಿಸಿದರು. ಹುಡುಗರು ಸಾಲಾಗಿ ನಿಂತು, ರಾಯರ ಪುಸ್ತಕದ ಒಂದು ಕಾಗದವನ್ನು ಬಾಯಿಪಾಠ ಒಪ್ಪಿಸುತ್ತಾರೆ ಎಂದರು. ಹುಡುಗರು ಒಂದೇ ದನಿಯಲ್ಲಿ ಶುರುಮಾಡಿದರು. ಇಂಗ್ಲಿಷ್ ಬಾರದಿದ್ದರೂ ನನಗೆ ಮೊದಲ ಸಾಲಿಗೇ ಗುರುತು ಹತ್ತಿತು. "ಫಾದರ್" ಬಂತು. ಇನ್ನೇನು, ತುಳಸೀಕಟ್ಟೆಯ ಮೇಲೆ ಆ ಸಾಹೇಬ ಕುಸಿದ ಜಾಗ ಬಂತು. ನಾನು ಸುತ್ತ ಎಲ್ಲರ ಮುಖ ನೋಡಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದಿರಿ.

ಇವರು ಎದ್ದು ನಿಂತರು.

"ಈ ಪುಸ್ತಕದಾಗ ತಪ್ಪು ಅವ," ಎಂದರು. "ಒಂದೆರಡಲ್ಲ. ಇದನ್ನ ಹುಡುಗರಿಗೆ ಕಲಸಬ್ಯಾಡ್ರಿ. ನನಗ ಇಂಗ್ಲಿಷ್ ಬರೂದಿಲ್ಲ."

ಹಿರಿಯ ಮಾಸ್ತರರು ಹುಡುಗರ ಕಡೆ ತಿರುಗಿ, "ಕೇಳಿದಿರೇನ್ರೋ? ತುಂಬಿದ ಕೊಡ ತುಳಕೂದಿಲ್ಲ ಅಂದ್ರ ಇದ ನೋಡ್ರಿ!" ಎಂದರು.

ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಇವರು ಕುಳಿತುಬಿಟ್ಟರು. ಶಾಲು ಹೆಗಲಿನಿಂದ ಜಾರಿತು. ಯಾರೋ ಎತ್ತಿ ಮತ್ತೆ ಹೊದಿಸಿದರು.

ಮರಳುವ ಗಾಡಿ ಮಿರಜ ದಾಟಿತು. ನಾನೇ ಸಮಾಧಾನಕ್ಕೆಂದು, "ಹೋಗ್ಲಿ ಬಿಡ್ರಿ, ನಮ್ಮೂರಾಗ ಯಾರೂ ನಗಲಿಲ್ಲ," ಎಂದೆ.

ಇವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು:

"ಒಬ್ಬರರೆ ನಕ್ಕಿದ್ರ, ನಾಳೆನ ಗಂಟುಮೂಟಿ ಕಟ್ಟಿಕೊಂಡು ಧಾರವಾಡಕ್ಕ ವಾಪಸ್ ಬಂದುಬಿಡ್ತಿದ್ದೆ. ಖರೆ ಹೇಳಿದ್ರೂ ನಂಬದ ಊರಾಗ ಹ್ಯಾಂಗ ಇರೂದು?"

ಪುಣೆಯ ವಾಡಾದಲ್ಲಿ ನೀರು ಬಂದಿತ್ತು. ಗಂಗೂತಾಯಿ ನನ್ನ ಕೊಡವನ್ನು ತನ್ನ ಕೊಡದ ಹಿಂದೆಯೇ ಇಟ್ಟು ಸಾಲು ಕಾಯ್ದಿದ್ದಳು. "ಮಾಹೇರ ಕಸಂ ಹೋತಂ?" ಎಂದು ಕೇಳಿದಳು, ತವರು ಹೇಗಿತ್ತು ಎಂದು. ಅವಳಿಗೆ ಕನ್ನಡದ ಊರೆಲ್ಲ ನನ್ನ ತವರೇ.

"ಛಾನ್," ಎಂದೆ. ಚೆನ್ನಾಗಿತ್ತು ಎಂದು.

ಕನ್ನಡದಲ್ಲಿ ಕೇಳಿದ್ದರೆ ಆ ಸುಳ್ಳು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಕೊಡ ತುಂಬಿಕೊಂಡು, ಹಗ್ಗ ಹಿಡಿದು ಮೆಟ್ಟಿಲು ಹತ್ತಿದೆ. ಮೇಲೆ ಇವರು ಕೋಟು ತೊಟ್ಟು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕ್ಲಾಸಿಗೆ ಹೊರಟು ನಿಂತಿದ್ದರು.